ಕುತ್ತಿಗೆ ನೋವಿಗೆ ಕರೆಂಟ್ ಕೊಟ್ಟರೆ ಸಾಕೇ, ವ್ಯಾಯಾಮವೂ ಬೇಕೇ? ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಶಂಕರಪುರದ ಸದಸ್ಯೆ): ಮೇಡಂ, ನಮ್ಮಲ್ಲಿ ಮಲ್ಲಿಗೆ ಗಿಡಗಳಿವೆ. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಹೂ ಕೊಳ್ಳುವ ಕಟ್ಟೆಗೆ ಕೊಡುವ ಹೊತ್ತಿನೊಳಗೆ ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು. ಒಂದು ಚೆಂಡಿಗೆ ಎಂಟುನೂರು ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಷ್ಟು ಹೊತ್ತೂ ತಲೆ ಬಗ್ಗಿಸಿಯೇ ಕುಳಿತಿರುತ್ತೇನೆ. ಎರಡು ವರ್ಷದಿಂದ ಕುತ್ತಿಗೆ ನೋವು, ಬಲ ಭುಜ ಬಿಗಿದುಕೊಂಡೇ ಇರುತ್ತದೆ. ಒಂದು ಕ್ಲಿನಿಕ್‌ನಲ್ಲಿ ಕೆಲವು ದಿನ ಕರೆಂಟ್ ಕೊಟ್ಟರು. ಕೊಟ್ಟ ದಿನ ಆರಾಮ, ಮರುದಿನ ಹೂ ಕಟ್ಟಲು ಕುಳಿತರೆ ಮತ್ತೆ ಅದೇ ನೋವು. ವ್ಯಾಯಾಮದ ಚೀಟಿಯೊಂದನ್ನು ಕೊಟ್ಟಿದ್ದರು, ಮಾಡಿದರೆ ನೋವು ಹೆಚ್ಚಾಗುತ್ತದೆಂದು ಬಿಟ್ಟೆ. ಈ ಕರೆಂಟ್ ನಿಜವಾಗಿ ಗುಣ ಮಾಡುತ್ತದೆಯೇ?

ಉತ್ತರ: ಅಕ್ಕ, ಕರೆಂಟ್ ಕೊಟ್ಟ ದಿನ ಆರಾಮವಾಗಿತ್ತು ಎಂದರೆ ಆ ಯಂತ್ರ ತನ್ನ ಪಾಲಿನ ಕೆಲಸ ಮಾಡಿದೆ. ಆದರೆ ಆ ಆರಾಮದ ಹೊತ್ತಿನಲ್ಲೇ ನಿಮ್ಮಿಂದ ವ್ಯಾಯಾಮ ಮಾಡಿಸಬೇಕಿತ್ತು. ಚೀಟಿ ಕೊಟ್ಟು ಮನೆಗೆ ಕಳುಹಿಸಿದ್ದು ಸಾಲದು. ನನಗೆ ಬೇಸರವಾಗುವುದು ಅಲ್ಲಿ.

ನಿಮಗೆ ಕೊಟ್ಟದ್ದು ಟೆನ್ಸ್ ಇರಬೇಕು. ಚರ್ಮದ ಮೇಲೆ ಪ್ಯಾಡ್ ಅಂಟಿಸಿ, ಸಣ್ಣ ವಿದ್ಯುತ್ ಮಿಡಿತಗಳಿಂದ ನರಗಳನ್ನು ಪ್ರಚೋದಿಸುವ ವಿಧಾನ ಅದು. ಮೊಣಕೈ ಬಾಗಿಲಿಗೆ ಬಡಿದರೆ ನಾವು ತಕ್ಷಣ ಉಜ್ಜಿಕೊಳ್ಳುತ್ತೇವೆ, ನೋವು ಸ್ವಲ್ಪ ಇಳಿಯುತ್ತದೆ. ಸ್ಪರ್ಶದ ಸುದ್ದಿ ತರುವ ದಪ್ಪ ನರತಂತುಗಳು ಚುರುಕಾದಾಗ, ನೋವಿನ ಸುದ್ದಿ ತರುವ ಸಪೂರ ತಂತುಗಳಿಗೆ ಬೆನ್ನುಹುರಿಯಲ್ಲೇ ತಡೆ ಬೀಳುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ‘ಗೇಟ್ ಕಂಟ್ರೋಲ್’ ಸಿದ್ಧಾಂತವಾಗಿ ಮಂಡಿಸಿದರು. ಟೆನ್ಸ್ ಬಳಕೆಗೆ ಬಂದದ್ದು ಅದರ ಬೆನ್ನಿಗೆ. ಸೆಕೆಂಡಿಗೆ 80ರಿಂದ 100 ಮಿಡಿತಗಳಿಟ್ಟರೆ ಜುಮುಗುಡುವ ಅನುಭವವಾಗುತ್ತದೆ. 2ರಿಂದ 4ಕ್ಕೆ ಇಳಿಸಿ ಬಲ ಹೆಚ್ಚಿಸಿದರೆ ಸ್ನಾಯು ಮಿಡಿಯುತ್ತದೆ, ಆಗ ದೇಹ ತನ್ನದೇ ನೋವುನಿವಾರಕ ರಾಸಾಯನಿಕಗಳನ್ನು ಹೆಚ್ಚು ಬಿಡುಗಡೆ ಮಾಡುತ್ತದೆ. ಎರಡರಲ್ಲೂ ಆಗುವುದು ನೋವಿನ ಶಮನ. ಯಂತ್ರ ಆರಿಸಿದ ಮೇಲೆ ಪರಿಣಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇನ್ನು ಕುತ್ತಿಗೆಯ ವಿಷಯ. ನಮ್ಮ ತಲೆಯ ತೂಕ ನಾಲ್ಕೈದು ಕಿಲೋ. ಗಂಟಲಿನ ಹಿಂದೆ, ಬೆನ್ನುಮೂಳೆಗೆ ತಾಗಿಕೊಂಡು ಕೆಲವು ಸಣ್ಣ ಸ್ನಾಯುಗಳಿವೆ. ಕುತ್ತಿಗೆಯ ಮೂಳೆಗಳನ್ನು ಸ್ಥಿರವಾಗಿ ಹಿಡಿದಿಡುವುದರಲ್ಲಿ ಅವುಗಳ ಪಾತ್ರ ದೊಡ್ಡದು. ನೋವು ತಿಂಗಳುಗಟ್ಟಲೆ ಮುಂದುವರಿದರೆ ಈ ಒಳಸ್ನಾಯುಗಳು ಸೋಮಾರಿಯಾಗುತ್ತವೆ. ಅವುಗಳ ಪಾಲಿನ ಹೊರೆಯನ್ನು ಹೊರಗಿನ ದೊಡ್ಡ ಸ್ನಾಯುಗಳು ಹೊತ್ತು ದಣಿಯುತ್ತವೆ. ನಿಮ್ಮ ಭುಜ ಬಿಗಿದುಕೊಂಡಿರುವುದಕ್ಕೆ ಇದು ದೊಡ್ಡ ಕಾರಣ. ಜುಮುಗುಡಿಸುವ ಕರೆಂಟ್ ಒಳಸ್ನಾಯುಗಳಿಗೆ ಬಲ ಕೊಡುವುದಿಲ್ಲ. ಬಲ ಬರುವುದು ವ್ಯಾಯಾಮದಿಂದ ಮಾತ್ರ. ಆದರೆ ನೋವಿಗೆ ಹೆದರಿ ನೀವು ವ್ಯಾಯಾಮ ಬಿಟ್ಟಿದ್ದೀರಿ, ಟೆನ್ಸ್ ಉಪಯೋಗಕ್ಕೆ ಬರುವುದು ಇಲ್ಲಿ. ಪ್ಯಾಡ್ ಇರುವಾಗಲೇ ಅಥವಾ ತೆಗೆದ ಕೂಡಲೇ ವ್ಯಾಯಾಮ ಮಾಡಿ.

ಪ್ರಶ್ನೆ (ಅದೇ ಸದಸ್ಯೆ): ಯಾವ ವ್ಯಾಯಾಮ ಮೇಡಂ? ಚೀಟಿಯಲ್ಲಿ ತಲೆಯನ್ನು ಸುತ್ತ ತಿರುಗಿಸುವ ಚಿತ್ರವಿತ್ತು.

ಉತ್ತರ: ತಲೆಯನ್ನು ಪೂರ್ತಿ ಸುತ್ತಿಸುವುದನ್ನು ಸದ್ಯಕ್ಕೆ ಬಿಡಿ. ಮೊದಲು ಇದೊಂದನ್ನು ಸರಿಯಾಗಿ ಕಲಿಯಿರಿ.

ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ. ತಲೆಯ ಕೆಳಗೆ ತೆಳುವಾಗಿ ಮಡಚಿದ ಬೈರಾಸು (ಟವೆಲ್) ಸಾಕು, ದಿಂಬು ಬೇಡ. ಯಾರಿಗೋ ‘ಹೌದು’ ಎನ್ನುವಾಗ ಗಲ್ಲ (ಗದ್ದ) ಸ್ವಲ್ಪವೇ ಕೆಳಗಿಳಿಯುತ್ತದಲ್ಲ, ಅಷ್ಟೇ ಇಳಿಸಿ. ತಲೆಯ ಹಿಂಭಾಗ ಬೈರಾಸಿನಿಂದ ಮೇಲೇಳಬಾರದು. ಎರಡು ಬೆರಳನ್ನು ಕುತ್ತಿಗೆಯ ಮುಂಭಾಗದಲ್ಲಿ ಹಗುರವಾಗಿ ಇಟ್ಟು ನೋಡಿ. ಕಿವಿಯ ಹಿಂದಿನಿಂದ ಎದೆಯ ನಡುವಿಗೆ ಇಳಿಯುವ ಸ್ನಾಯು ಗಟ್ಟಿಯಾಗಿ ಎದ್ದು ಬಂದರೆ ನೀವು ಜಾಸ್ತಿ ಬಲ ಹಾಕುತ್ತಿದ್ದೀರಿ ಎಂದರ್ಥ, ಅರ್ಧಕ್ಕೆ ಇಳಿಸಿ. ಹಲ್ಲು ಕಚ್ಚಬೇಡಿ, ಉಸಿರು ಹಿಡಿಯಬೇಡಿ. ಐದು ಸೆಕೆಂಡ್ ನಿಲ್ಲಿಸಿ ಬಿಡಿ. ಒಳಸ್ನಾಯು ಮಾತ್ರ ಕೆಲಸ ಮಾಡುವಂತೆ ಎಷ್ಟು ಬಾರಿ ಸಾಧ್ಯವೋ ಅಷ್ಟೇ ಸಾಕು, ಆರಂಭದಲ್ಲಿ ನಾಲ್ಕೈದಾದರೂ ಸರಿ. ನಿಧಾನವಾಗಿ ಹತ್ತು ಸೆಕೆಂಡಿನಂತೆ ಹತ್ತು ಬಾರಿಗೆ ಮುಟ್ಟಬೇಕು. ಇದು ತೀರಾ ಹಗುರ ಎನಿಸಿ ಕೆಲವರು ಬಿಟ್ಟುಬಿಡುತ್ತಾರೆ. ಮೂರನೆಯ ಬಾರಿಗೇ ಗಲ್ಲ ನಡುಗುವುದನ್ನು ಕಂಡ ಮೇಲೆ ಹಾಗೆ ಹೇಳುವುದಿಲ್ಲ.

ಇದು ಹಿಡಿತಕ್ಕೆ ಬಂದ ಮೇಲೆ ಕುಳಿತು, ಅಂಗೈಯನ್ನು ಹಣೆಗೆ, ತಲೆಯ ಹಿಂದೆ, ಎರಡೂ ಬದಿಗೆ ಒಂದೊಂದಾಗಿ ಇಟ್ಟು, ತಲೆ ಅಲುಗಾಡದಂತೆ ಹಗುರವಾಗಿ ಒತ್ತಿ ಹಿಡಿಯುವುದು. ಅನಂತರ ಭುಜಕ್ಕೆ ರಬ್ಬರ್ ಬ್ಯಾಂಡ್‌ನ ವ್ಯಾಯಾಮ: ಬ್ಯಾಂಡಿನ ನಡುವನ್ನು ಪಾದದಡಿ ಮೆಟ್ಟಿ, ತುದಿಗಳನ್ನು ಹಿಡಿದು ಎರಡೂ ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟದವರೆಗೆ ಎತ್ತಿ ಇಳಿಸುವುದು. ಸಮಯವಿಲ್ಲ ಎನ್ನುವವರಿಗೆ ನಾನು ಡೆನ್ಮಾರ್ಕಿನ 2011ರ ಅಧ್ಯಯನವೊಂದನ್ನು ಹೇಳುತ್ತೇನೆ. ಕುತ್ತಿಗೆ ಮತ್ತು ಭುಜದ ನೋವಿದ್ದ 198 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ 2 ನಿಮಿಷ, ಕೆಲವರಿಗೆ 12 ನಿಮಿಷ ಇದೇ ಬಗೆಯ ವ್ಯಾಯಾಮ ಮಾಡಿಸಿದರು. 10 ವಾರಗಳ ಬಳಿಕ ಎರಡೂ ಗುಂಪಿನವರ ನೋವು ಇಳಿದಿತ್ತು. ಎರಡು ನಿಮಿಷ ಹೂ ಕಟ್ಟುವ ಮನೆಯಲ್ಲೂ ಸಿಗುತ್ತದೆ.

ಒಂದು ಎಚ್ಚರಿಕೆಯನ್ನು ಮರೆಯಬೇಡಿ. ಕರೆಂಟ್ ಇರುವಾಗ ನೋವು ತಿಳಿಯುವುದಿಲ್ಲವೆಂದು ಹುರುಪಿನಲ್ಲಿ ದುಪ್ಪಟ್ಟು ಮಾಡಬಾರದು. ಎಷ್ಟು ಬಾರಿ ಎಂಬುದನ್ನು ಯಂತ್ರ ಹಾಕುವ ಮೊದಲೇ ನಿರ್ಧರಿಸಿ. ಸಾಕಾಯಿತೇ, ಹೆಚ್ಚಾಯಿತೇ ಎಂಬುದನ್ನು ಮರುದಿನ ಬೆಳಗಿನ ಕುತ್ತಿಗೆ ಹೇಳುತ್ತದೆ. ಸ್ವಲ್ಪ ಮೈಕೈ ನೋವಿದ್ದರೆ ಅಡ್ಡಿಯಿಲ್ಲ. ಮಾಮೂಲು ನೋವೇ ಕೆರಳಿದ್ದರೆ ಸಂಖ್ಯೆ ಇಳಿಸಿ, ವ್ಯಾಯಾಮ ನಿಲ್ಲಿಸಬೇಡಿ.

ಪ್ರಶ್ನೆ (ಸುರತ್ಕಲ್‌ನ ಸದಸ್ಯ): ನನ್ನ ಭಾವನಿಗೆ ವ್ಯಾಯಾಮವಿಲ್ಲದೆ ಯಂತ್ರದಿಂದಲೇ ಗುಣವಾಗಿದೆ. ನಾನೂ ಆನ್‌ಲೈನ್‌ನಲ್ಲಿ ಒಂದು ತರಿಸಿದ್ದೇನೆ. ದಿನಕ್ಕೆ ಎಷ್ಟು ಹೊತ್ತು ಹಾಕಬಹುದು?

ಉತ್ತರ: ನಿಮ್ಮ ಭಾವನಿಗೆ ಗುಣವಾಗಿದ್ದು ಸಂತೋಷ. ಹಾಂಗ್‌ಕಾಂಗ್‌ನಲ್ಲಿ 218 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ಟೆನ್ಸ್, ಇನ್ನೊಂದಕ್ಕೆ ವ್ಯಾಯಾಮ ಕೊಟ್ಟಿದ್ದರು. ಎರಡರಲ್ಲೂ ಸುಧಾರಣೆ ಕಂಡಿತು. ಆದರೆ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡಿದ ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ, ದೀರ್ಘಕಾಲದ ಕುತ್ತಿಗೆ ನೋವಿಗೆ ಟೆನ್ಸ್ ಪರವಾಗಿರುವ ಪುರಾವೆ ತೀರಾ ದುರ್ಬಲ ಎಂದಿತು. ಹಾಗಾಗಿ ಯಂತ್ರವೊಂದನ್ನೇ ನಂಬಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹಾಕುವುದಾದರೆ 20ರಿಂದ 30 ನಿಮಿಷ. ಎರಡು ಪ್ಯಾಡ್ ಕೂದಲಿನ ಗೆರೆಗಿಂತ ಕೆಳಗೆ, ಬೆನ್ನುಮೂಳೆಯ ಎರಡು ಬದಿಗೆ. ಇನ್ನೆರಡು ಭುಜದ ಮೇಲಿನ ದಪ್ಪ ಸ್ನಾಯುವಿನ ಮೇಲೆ. ಕುತ್ತಿಗೆಯ ಮುಂಭಾಗಕ್ಕಾಗಲಿ ಬದಿಗಾಗಲಿ ಯಾವತ್ತೂ ಬೇಡ. ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತದೊತ್ತಡವನ್ನು ಗಮನಿಸುವ ಭಾಗವೊಂದಿದೆ, ಅದನ್ನು ಕೆಣಕಿದರೆ ಒತ್ತಡ ಕುಸಿದು ತಲೆ ಸುತ್ತಿ ಬೀಳಬಹುದು. ಕರೆಂಟ್ ಜೋರಾಗಿರಲಿ, ಆದರೆ ನೋಯಬಾರದು. ಹತ್ತು ನಿಮಿಷದಲ್ಲಿ ಜುಮು ಕಡಿಮೆಯಾದಂತೆ ಕಂಡರೆ ಒಂದು ಹಂತ ಏರಿಸಿ. ಬೈಕ್ ಓಡಿಸುವಾಗ, ನಿದ್ದೆ ಮಾಡುವಾಗ ಹಾಕಿಕೊಳ್ಳಬೇಡಿ. ದಿನವೂ ಒಂದೇ ಬಲ, ಒಂದೇ ವೇಗದಲ್ಲಿ ಬಳಸುತ್ತಿದ್ದರೆ ದೇಹ ಅದಕ್ಕೆ ಒಗ್ಗಿಹೋಗಿ ಪರಿಣಾಮ ತಗ್ಗುತ್ತದೆ, ಇದೂ ನೆನಪಿರಲಿ.

ಪ್ರಶ್ನೆ (ಕಾಪುವಿನ ಸದಸ್ಯೆ): ನನ್ನ ಪ್ಯಾಡ್ ನಿಲ್ಲುವುದೇ ಇಲ್ಲ, ಕಳಚಿ ಬೀಳುತ್ತದೆ. ಯಂತ್ರ ಹಾಳಾಗಿದೆಯೇ?

ಉತ್ತರ: ಎಣ್ಣೆ ಹಚ್ಚಿಕೊಂಡಿದ್ದೀರಾ? ನಮ್ಮ ಕಡೆ ಕುತ್ತಿಗೆ ನೋವೆಂದರೆ ಮೊದಲು ತೈಲವನ್ನೇ ತೆಗೆಯುತ್ತಾರೆ, ಮೇಲಿಂದ ಈ ಸೆಕೆ. ಎಣ್ಣೆ, ಬೆವರು ಇದ್ದಲ್ಲಿ ಪ್ಯಾಡ್ ಅಂಚಿನಲ್ಲಿ ಎದ್ದು, ಅಂಟಿಕೊಂಡಿರುವ ಚೂರು ಜಾಗದಲ್ಲೇ ಎಲ್ಲ ಕರೆಂಟ್ ಹರಿದು ಚುಚ್ಚುತ್ತದೆ. ಸಾಬೂನಿನಿಂದ ತೊಳೆದು, ಒಣಗಿಸಿ, ಫ್ಯಾನಿನ ಕೆಳಗೆ ಕುಳಿತು ಅಂಟಿಸಿ. ತೈಲವನ್ನು ಎಲ್ಲ ಮುಗಿದ ಮೇಲೆ ಹಚ್ಚಿಕೊಳ್ಳಿ. ಆಗಲೂ ನಿಲ್ಲದಿದ್ದರೆ ಪ್ಯಾಡ್ ಬದಲಿಸಬೇಕು, ಯಂತ್ರವನ್ನಲ್ಲ.

ಪ್ರಶ್ನೆ (ಬಂಟ್ವಾಳದ ಸದಸ್ಯ): ಅಪ್ಪನಿಗೆ 71 ವರ್ಷ, ಪೇಸ್‌ಮೇಕರ್ ಇದೆ. ಎಂಆರ್‌ಐ ಮಾಡಿಸಲು ಆಗಲಿಲ್ಲ, ಎಕ್ಸ್‌ರೇಯಲ್ಲಿ ಸವೆತ ಎಂದಿದ್ದಾರೆ. ಅವರಿಗೂ ಕೊಡಬಹುದೇ?

ಉತ್ತರ: ಪೇಸ್‌ಮೇಕರ್ ಇರುವವರಿಗೆ ಮನೆಯಲ್ಲಿ ಟೆನ್ಸ್ ಬೇಡವೇ ಬೇಡ. ಹೃದಯದ ವೈದ್ಯರು ಒಪ್ಪದೆ ಯಂತ್ರ ಮುಟ್ಟಬೇಡಿ. ಅಪಸ್ಮಾರ ಇರುವವರು, ಬಸುರಿಯರು ಕೂಡ ತಮ್ಮ ವೈದ್ಯರನ್ನು ಕೇಳದೆ ಬಳಸಬಾರದು. ಗಾಯವಿರುವ, ಸ್ಪರ್ಶ ತಿಳಿಯದ ಚರ್ಮದ ಮೇಲಂತೂ ಪ್ಯಾಡ್ ಅಂಟಿಸಲೇಬಾರದು. ಅಪ್ಪನಿಗೆ ಬಿಸಿನೀರಿನ ಶಾಖ ಕೊಟ್ಟು, ಮೇಲೆ ಹೇಳಿದ ವ್ಯಾಯಾಮವನ್ನು ನಿಧಾನವಾಗಿ ಮಾಡಿಸಿ. ಸವೆತ ಎಂಬ ಮಾತಿಗೆ ಹೆದರಬೇಡಿ, ಆ ವಯಸ್ಸಿನಲ್ಲಿ ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಅದು ಕಾಣುತ್ತದೆ.

ಆದರೆ ಒಂದು ಕೇಳುತ್ತೇನೆ. ಅಂಗಿಯ ಗುಂಡಿ ಹಾಕಲು ಅವರ ಬೆರಳು ತಡವರಿಸುತ್ತದೆಯೇ? ನಡೆಯುವಾಗ ಕಾಲು ತಪ್ಪುತ್ತದೆಯೇ? ಮೂತ್ರದ ಹಿಡಿತ ಕಡಿಮೆಯಾಗಿದೆಯೇ?

ಪ್ರಶ್ನೆ (ಅದೇ ಸದಸ್ಯ): ಗುಂಡಿ ಹಾಕಲು ಎರಡು ತಿಂಗಳಿಂದ ಅಮ್ಮನೇ ಸಹಾಯ ಮಾಡುತ್ತಿದ್ದಾರೆ. ವಯಸ್ಸಾಯಿತಲ್ಲ ಎಂದುಕೊಂಡಿದ್ದೆವು.

ಉತ್ತರ: ಹಾಗಾದರೆ ನಾನು ಹೇಳಿದ ವ್ಯಾಯಾಮವನ್ನೂ ಈಗ ಮಾಡಿಸಬೇಡಿ. ಬೆನ್ನುಹುರಿಗೆ ಒತ್ತಡ ಬೀಳುತ್ತಿರಬಹುದು, ಅದನ್ನು ಮೊದಲು ಪರೀಕ್ಷಿಸಬೇಕು. ನಾಳೆಯೇ ಮಂಗಳೂರಿನಲ್ಲಿ ನರರೋಗ ತಜ್ಞರಿಗೋ ಮೂಳೆ ತಜ್ಞರಿಗೋ ತೋರಿಸಿ, ಗುಂಡಿಯ ವಿಷಯವನ್ನು ಮೊದಲ ಮಾತಾಗಿ ಹೇಳಿ. ಪೇಸ್‌ಮೇಕರ್‌ನ ಕಾರ್ಡನ್ನೂ ಒಯ್ಯಿರಿ. ಎಂಆರ್‌ಐಗೆ ಹೊಂದುವ ಪೇಸ್‌ಮೇಕರ್‌ಗಳೂ ಇವೆ, ಅಪ್ಪನದು ಅಂಥದ್ದು ಹೌದೋ ಅಲ್ಲವೋ ಎಂದು ವೈದ್ಯರು ಆ ಕಾರ್ಡಿನಲ್ಲಿ ನೋಡಿಕೊಳ್ಳುತ್ತಾರೆ. ವೈದ್ಯರು ಏನು ಹೇಳಿದರೆಂದು ಇಲ್ಲಿ ತಿಳಿಸಿ.