‘ಬಾಡಿ ಹ್ಯಾಂಗ್ ಮಾಡೋದು’ – ಇದಕ್ಕೆ ನಮ್ಮಲ್ಲಿ ಯಾವ ಮಾತು?

ಗೆಳೆಯರೇ,

ಒಂದೇ ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಹೋದಂತೆ ಅದರ ಹಿಂದೆ ಇನ್ನೂ ನಾಲ್ಕೈದು ಬಂದವು. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ನನ್ನ ಅಕ್ಕನ ಮಗ ಅಮೆರಿಕದ ನಾರ್ತ್ ಕೆರೊಲಿನಾದ ಷಾರ್ಲಟ್‌ನಲ್ಲಿ ಓದುತ್ತಿದ್ದಾನೆ. ಸ್ಟಾಕ್ ಕಾರ್ ರೇಸಿಗೆ, ಅಂದರೆ ನೋಡಲು ಮಾಮೂಲಿ ಕಾರಿನಂತಿರುವ ಕಾರುಗಳ ಓಟಕ್ಕೆ, ಆ ಸೀಮೆಯೇ ತವರು. ಈ ರೇಸುಗಳನ್ನು ನಡೆಸುವ ದೊಡ್ಡ ಸಂಸ್ಥೆ ನಾಸ್ಕಾರ್. ಅದರಲ್ಲಿ ಓಡುವ ಹೆಚ್ಚಿನ ತಂಡಗಳ ಶೆಡ್ಡುಗಳು ಷಾರ್ಲಟ್‌ನ ಸುತ್ತಮುತ್ತ, ಮೂರ್ಸ್‌ವಿಲ್, ಕಾಂಕರ್ಡ್ ಕಡೆ ಇವೆ. ಶನಿವಾರ ಬಂದರೆ ಹುಡುಗ ಒಂದು ಗ್ಯಾರೇಜಿಗೆ ಸಹಾಯಕ್ಕೆ ಹೋಗುತ್ತಾನೆ. ದೊಡ್ಡ ತಂಡವೇನಲ್ಲ. ಊರೂರಿನ ಸಣ್ಣ ಟ್ರ್ಯಾಕುಗಳಲ್ಲಿ ಓಡುವ ‘ಲೇಟ್ ಮಾಡೆಲ್’ ಕಾರುಗಳನ್ನು ಸಿದ್ಧ ಮಾಡುವ ಜಾಗ. ಹೋದ ತಿಂಗಳು ವಿಡಿಯೊ ಕಾಲ್‌ನಲ್ಲಿ ನಮ್ಮಮ್ಮ "ಏನೋ ಮಾಡ್ತಿದ್ದೀಯ ಅಲ್ಲಿ?" ಅಂತ ಕೇಳಿದರು. ಅವನು ಸಲೀಸಾಗಿ "ಬಾಡಿ ಹ್ಯಾಂಗ್ ಮಾಡ್ತಿದ್ದೀವಿ ಅಜ್ಜಿ" ಅಂದುಬಿಟ್ಟ.

ಅಮ್ಮನ ಮುಖ ನೋಡಬೇಕಿತ್ತು. ನಮ್ಮಲ್ಲಿ ಬಾಡಿ ಅಂದರೆ "ಆಸ್ಪತ್ರೆಯಿಂದ ಬಾಡಿ ಇನ್ನೂ ಬಂದಿಲ್ವಂತೆ" ಅನ್ನುವ ಬಾಡಿ. ಅದನ್ನು ಇವನು ಯಾಕೆ ನೇತುಹಾಕುತ್ತಿದ್ದಾನೆ? ನಾನು ಮಧ್ಯೆ ಬಾಯಿ ಹಾಕಿ "ಕಾರಿನದು ಅಮ್ಮಾ, ಕಾರಿನದು" ಅಂದೆ. ಸರಿ, ಕಾರಿನದು. ಆದರೆ ಏನು ಮಾಡ್ತಿದ್ದಾನೆ ಅಂತ ಒಂದು ಕ್ರಿಯಾಪದದಲ್ಲಿ ಹೇಳಲು ನನಗೆ ಆಗಲಿಲ್ಲ. ನನ್ನ ಪ್ರಶ್ನೆ ಅದೇ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಈ ಕಾರಿನ ನಿಜವಾದ ಕಾರು ಒಳಗಿರುತ್ತದೆ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಒಂದು ಪಂಜರ. ಎಂಜಿನ್ನು, ಸೀಟು, ಚಕ್ರ ಎಲ್ಲವನ್ನೂ ಹೊರುವುದು ಆ ಪಂಜರವೇ. ಹೊರಗೆ ಕಾಣುವ ಬಾಗಿಲು, ಮಡ್‌ಗಾರ್ಡು, ಬಾನೆಟ್ಟು ಎಲ್ಲ ಬರೀ ಮೇಲುಹೊದಿಕೆ. ಬಾಗಿಲು ಅನ್ನುವುದು ಹೆಸರಿಗೆ ಮಾತ್ರ, ತೆರೆಯುವುದಿಲ್ಲ. ಓಡಿಸುವವನು ಕಿಟಕಿಯಲ್ಲಿ ತೂರಿಕೊಂಡು ಒಳಗೆ ಹೋಗುತ್ತಾನೆ. ಈ ಹೊದಿಕೆಯ ತುಂಡುಗಳನ್ನು ಪಂಜರದ ಮೇಲೆ ಅಳತೆಗೆ ಸರಿಯಾಗಿ ಕೂಡಿಸುವುದಕ್ಕೆ ಅವರು ‘ಹ್ಯಾಂಗಿಂಗ್’ ಅನ್ನುತ್ತಾರೆ. ಅದನ್ನೇ ಕಸುಬು ಮಾಡಿಕೊಂಡವರು ‘ಬಾಡಿ ಹ್ಯಾಂಗರ್’ಗಳು. ಇಂಗ್ಲಿಷಿನ ಬಡಗಿ ಬಾಗಿಲನ್ನೂ ಹ್ಯಾಂಗ್ ಮಾಡುತ್ತಾನೆ, ಅದು ಕೀಲಿನ ಮೇಲೆ ತೂಗುತ್ತದಲ್ಲ. ನಮ್ಮ ಬಡಗಿ ಬಾಗಿಲನ್ನು ತೂಗುಹಾಕುವುದಿಲ್ಲ, ‘ಕೂರಿಸುತ್ತಾನೆ’. ಹಾಗಾಗಿ ‘ನೇತುಹಾಕು’, ‘ತೂಗುಹಾಕು’ ಎರಡೂ ಇಲ್ಲಿಗೆ ಆಗಿಬರುವುದಿಲ್ಲ.

ಹಾಗಾದರೆ ‘ಬಾಡಿ ಕಟ್ಟೋದು’? ಲಾರಿಯವರ ಮಾತು. ಚೆನ್ನಾಗಿದೆ, ಚಲಾವಣೆಯಲ್ಲೂ ಇದೆ. ನಾಮಕ್ಕಲ್ ಕಡೆ ಬಾಡಿ ಕಟ್ಟಿಸಿಕೊಂಡು ಬಂದ ಲಾರಿ ಅಂದರೆ ಯಾವ ಡ್ರೈವರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಲಾರಿಯಲ್ಲಿ ಕಂಪನಿಯಿಂದ ಬರುವುದು ಬರೀ ಚಾಸಿ. ಅದರ ಮೇಲೆ ಮರದ ಚೌಕಟ್ಟು, ಹಲಗೆ, ತಗಡು ಎಲ್ಲ ಹೊಸದಾಗಿ ಎಬ್ಬಿಸಬೇಕು. ಅದು ನಿಜಕ್ಕೂ ಕಟ್ಟುವುದೇ, ಮನೆ ಕಟ್ಟಿದ ಹಾಗೆ. ಇಲ್ಲಿ ಮನೆ ಆಗಲೇ ಎದ್ದಿದೆ. ಮೇಲೆ ಮುಚ್ಚಬೇಕಾದದ್ದಷ್ಟೇ ಬಾಕಿ.

ಈ ಮಾತನ್ನು ಹೀಗೇ ಅಮ್ಮನಿಗೆ ಹೇಳಿದೆ. ಅವರು ತಕ್ಷಣ "ಹಂಗಾದ್ರೆ ಹೊದೆಸ್ತಿದ್ದಾನೆ ಅನ್ನು" ಅಂದರು.

ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮನ ತವರಿನಲ್ಲಿ ಕೊಟ್ಟಿಗೆಗೆ ಪ್ರತಿವರ್ಷ ಮಳೆಗೆ ಮುಂಚೆ ಅಡಿಕೆ ಸೋಗೆ ಹೊದೆಸುತ್ತಿದ್ದರು. ಪಕಾಸಿ, ರೀಪು ಎಲ್ಲ ಆಗಲೇ ನಿಂತಿರುತ್ತವೆ. ಅದರ ಮೇಲೆ ಕೆಳಗಿನಿಂದ ಸಾಲು ಸಾಲಾಗಿ ಸೋಗೆ. ಹೆಂಚಿನ ಮನೆಯಾದರೆ ಹೆಂಚು ಹೊದೆಸುವುದು. ಒಳಗಿನ ಅಸ್ಥಿಪಂಜರ ಬೇರೆ, ಮೇಲಿನ ಚರ್ಮ ಬೇರೆ ಅನ್ನುವ ತಿಳಿವಳಿಕೆ ಆ ಕ್ರಿಯಾಪದದ ಒಳಗೇ ಇದೆ. ಹಳಗನ್ನಡದ ‘ಪೊದೆ’, ‘ಪೊದಿಕೆ’ ಇದರ ಹಿರಿಯರು. ಕಂಬಳಿ ಹೊದೆಯುತ್ತೇವೆ, ಮಾಡು ಹೊದೆಸುತ್ತೇವೆ. ಕಾರಿಗೆ ಮೈ ಹೊದಿಸಿದರೆ ತಪ್ಪೇನು?

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಹುಡುಗ ಒಪ್ಪಲಿಲ್ಲ. "ಮಾವ, ಸೋಗೆ ಹೊದೆಸೋವಾಗ ಅರ್ಧ ಇಂಚು ಆಚೀಚೆ ಆದ್ರೆ ಯಾರೂ ಕೇಳಲ್ಲ. ಇಲ್ಲಿ ಕೇಳ್ತಾರೆ" ಅಂದ. ಅವನು ಹೇಳಿದ ಕ್ರಮ ಹೀಗಿದೆ. ಕಾರು ಓಡುವಾಗ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ದಿಮ್ಮಿಗಳ ಮೇಲೆ ಇಡುತ್ತಾರೆ. ರಸಮಟ್ಟ ಇಟ್ಟು ನೋಡುತ್ತಾರೆ. ಗಾರೆ ಕೆಲಸದವರ ಹಾಗೆ ತೂಗುಗುಂಡು ಬಿಟ್ಟು ನೆಲದ ಮೇಲೆ ನಡುಗೆರೆ ಎಳೆಯುತ್ತಾರೆ. ಆಮೇಲೆ ಒಂದೊಂದೇ ತುಂಡನ್ನು ಹಿಡಿದು ನೋಡುವುದು, ಗುರುತು ಹಾಕುವುದು, ಕೊರೆಯುವುದು, ಮತ್ತೆ ಹಿಡಿದು ನೋಡುವುದು. ಸಾಮಾನ್ಯವಾಗಿ ಲೇಟ್ ಮಾಡೆಲ್ಲಿನ ತುಂಡುಗಳು ಫೈಬರ್ ಅಥವಾ ಪ್ಲಾಸ್ಟಿಕ್ಕಿನವು, ಅಂಗಡಿಯಿಂದ ಸಿದ್ಧವಾಗಿ ಬರುತ್ತವೆ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ ಅಂತ ನಡುವೆ ಸಂದು ಬಿಡಬೇಕು. ಸಂದು ಜಾಸ್ತಿಯಾದರೆ ಗಾಳಿ ನುಗ್ಗುತ್ತದೆ. ಇದರಲ್ಲಿ ದಿನ ಕಳೆದುಹೋಗುತ್ತದಂತೆ.

ಅವನು ಹೇಳಿದ್ದು ಕೇಳಿದ ಮೇಲೆ ನನಗೆ ಅನ್ನಿಸಿದ್ದು, ಇಲ್ಲಿ ಎರಡು ಕೆಲಸ ಇವೆ, ಎರಡು ಮಾತು ಬೇಕು. ಆ ಕ್ರೀಡೆಯ ಚರಿತ್ರೆಯಲ್ಲೂ ಅವು ಒಂದರ ಹಿಂದೆ ಒಂದು ಬಂದಿವೆ. ನಾಸ್ಕಾರ್‌ನ ದೊಡ್ಡ ಕಾರುಗಳಿಗೆ ಬಹಳ ಕಾಲ ಮೈ ಮಾಡುತ್ತಿದ್ದದ್ದು ಉಕ್ಕಿನ ತಗಡಿನಲ್ಲಿ, ಹೆಚ್ಚುಪಾಲು ಕೈಕೆಲಸ. ಎರಡು ಗಾಲಿಗಳ ನಡುವೆ ತಗಡನ್ನು ಹಿಂದೆಮುಂದೆ ಉರುಳಿಸಿ ಉಬ್ಬು ತರುವ ‘ಇಂಗ್ಲಿಷ್ ವೀಲ್’ ಅನ್ನುವ ಯಂತ್ರ, ಸುತ್ತಿಗೆ, ಬೆಸುಗೆ. ನಮ್ಮ ಕಂಚುಗಾರರು ತಟ್ಟಿ ತಟ್ಟಿ ಕೊಡಕ್ಕೆ ಹೊಟ್ಟೆ ತರುತ್ತಾರಲ್ಲ, ಹಾಗೆ. ಅದು ಹೊದಿಸುವುದು, ಅನುಮಾನವಿಲ್ಲ. 2022ರಲ್ಲಿ ‘ನೆಕ್ಸ್ಟ್ ಜೆನ್’ ಕಾರು ಬಂತು. ಅದರ ಮೈ ಕಾಂಪೊಸಿಟ್ (ನಾರು, ಅಂಟು ಸೇರಿಸಿ ಮಾಡಿದ) ತುಂಡುಗಳದ್ದು. ಎಲ್ಲ ತಂಡಗಳಿಗೂ ಒಬ್ಬರೇ ಮಾಡಿ ಕೊಡುತ್ತಾರೆ. ತಂದು ಬೋಲ್ಟು ಹಾಕುವುದು. ಅದು ಹೊದಿಸುವುದಲ್ಲ, ಬಡಗಿಯ ಬಾಗಿಲಿನ ಹಾಗೆ ‘ಕೂರಿಸುವುದು’. ನಮ್ಮ ಹುಡುಗ ಮಾಡುತ್ತಿರುವುದೂ ಅದೇ. ಅಜ್ಜಿಯ ಮಾತು ಹಳೆಯ ಕಾರಿಗೆ, ಬಡಗಿಯ ಮಾತು ಹೊಸ ಕಾರಿಗೆ. ಇದು ನನ್ನ ಸದ್ಯದ ತೀರ್ಪು. ಒಪ್ಪದವರು ದಯವಿಟ್ಟು ಹೇಳಿ.

ಇನ್ನು ‘ಸ್ಟಾಕ್’. ಎಲ್ಲೋ ಒಂದು ಕಡೆ ‘ದಾಸ್ತಾನು ಕಾರು’ ಅಂತ ಓದಿದ ನೆನಪು. ನಗು ಬಂತು, ಆದರೆ ಬೇರು ತಪ್ಪಿಲ್ಲ. ಅಂಗಡಿಯಲ್ಲಿ ದಾಸ್ತಾನಿರುವ, ಯಾರು ಬೇಕಾದರೂ ಹೋಗಿ ಕೊಳ್ಳಬಹುದಾದ ಕಾರು ಅಂತಲೇ ಆ ಹೆಸರು. 1949ರ ಜೂನ್ 19ರಂದು ಷಾರ್ಲಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ ಶುರುವಾದ ನಾಸ್ಕಾರ್ ಓಟಮಾಲೆಯ ಹೆಸರೇ ‘ಸ್ಟ್ರಿಕ್ಟ್‌ಲಿ ಸ್ಟಾಕ್’. ಅವತ್ತು ಮೊದಲು ಬಂದವನು ಗ್ಲೆನ್ ಡನವೇ. ಅವನ ಫೋರ್ಡಿನ ಹಿಂದಿನ ಸ್ಪ್ರಿಂಗಿನಲ್ಲಿ ಕೈಚಳಕ ಇದೆ ಅಂತ ಕಂಡುಬಂತು, ಕಳ್ಳಭಟ್ಟಿ ಸಾಗಿಸುವವರು ಮಾಡಿಸಿಕೊಳ್ಳುತ್ತಿದ್ದ ಥರದ್ದು. ಅವನನ್ನು ತೆಗೆದುಹಾಕಿ ಲಿಂಕನ್ ಕಾರು ಓಡಿಸಿದ ಜಿಮ್ ರೋಪರ್‌ಗೆ ಗೆಲುವು ಕೊಟ್ಟರು. ಅಂದರೆ ಸ್ಟಾಕ್ ಅನ್ನುವುದರ ಒಳಾರ್ಥ ‘ಕೈ ಹಾಕಿಲ್ಲ’. ಇದಕ್ಕೆ ನಮ್ಮಲ್ಲಿ ಬಹಳ ಸೊಗಸಾದ ಮಾತಿದೆ: ‘ಕಂಪನಿ ಫಿಟ್ಟಿಂಗ್’. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವನು ಎದೆ ತಟ್ಟಿ ಹೇಳುತ್ತಾನಲ್ಲ, "ಎಲ್ಲಾ ಕಂಪನಿ ಫಿಟ್ಟಿಂಗ್ ಸಾರ್, ಯಾರೂ ಕೈ ಹಾಕಿಲ್ಲ" ಅಂತ. ನಾನಂತೂ ‘ಕಂಪನಿ ಫಿಟ್ಟಿಂಗ್ ಕಾರು’ ಅಂತಲೇ ಬರೆಯುತ್ತೇನೆ. ಈಗಿನ ರೇಸ್ ಕಾರಿನಲ್ಲಿ ಕಂಪನಿಯದ್ದು ಅಂತ ಉಳಿದಿರುವುದು ಹೆಚ್ಚುಕಡಿಮೆ ಹೊರಗಿನ ರೂಪ ಮಾತ್ರ, ಅದು ಬೇರೆ ಮಾತು. ಎದುರಿನ ದೀಪಗಳೂ ಸ್ಟಿಕ್ಕರು.

ಬಿಡಿಭಾಗಗಳಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಾನೆಟ್, ಬಂಪರ್, ಮಡ್‌ಗಾರ್ಡ್ ಎಲ್ಲ ನಮ್ಮವೇ ಆಗಿಹೋಗಿವೆ. ಹಿಂದಿನ ಮುಚ್ಚಳ ‘ಡಿಕ್ಕಿ’. ರೇಸಿನ ಬಗ್ಗೆ ಬರೆಯುವಾಗ ಇದು ಸ್ವಲ್ಪ ತಮಾಷೆ ಮಾಡುತ್ತದೆ, "ಅವನ ಡಿಕ್ಕಿಗೆ ಇವನು ಡಿಕ್ಕಿ ಹೊಡೆದ" ಅಂತ ಬರೆಯಬೇಕಾಗುತ್ತದೆ. ಹಿಂಚಕ್ರದ ಮೇಲಿನ ‘ಕ್ವಾರ್ಟರ್ ಪ್ಯಾನಲ್’ ಒಂದು ತೊಡಕು. ‘ಕಾಲುಹಲಗೆ’ ಅಂದರೆ ಕಾಲಿಡುವ ಹಲಗೆ ಅನ್ನಿಸುತ್ತದೆ. ಕ್ವಾರ್ಟರ್ ಅಂದರೆ ನಮ್ಮೂರಿನಲ್ಲಿ ಬೇರೆಯೇ ಅಂಗಡಿಗೆ ಹೋಗುತ್ತಾರೆ. ‘ಹಿಂಪಕ್ಕೆ’ ಹೇಗಿದೆ? ದನಕ್ಕೂ ಪಕ್ಕೆ ಇದೆ, ಕಾರಿಗೂ ಇರಲಿ.

ನನಗೆ ನಿಜವಾಗಿ ಇಷ್ಟವಾದ ಪದ ‘ಟೆಂಪ್ಲೇಟ್’ನ ಜಾಗಕ್ಕೆ ಹುಡುಕುವಾಗ ಸಿಕ್ಕಿತು. ಇದು ಯಾಕೆ ಬೇಕಾಯಿತು ಅನ್ನುವುದಕ್ಕೆ ಒಂದು ಕಥೆ ಇದೆ. 1966ರಲ್ಲಿ ಅಟ್ಲಾಂಟದ ಓಟಕ್ಕೆ ಜೂನಿಯರ್ ಜಾನ್ಸನ್ ಅನ್ನುವ ತಂಡದ ಒಡೆಯ ಒಂದು ಹಳದಿ ಫೋರ್ಡ್ ತಂದ. ಛಾವಣಿ ತಗ್ಗಿಸಿ, ಮೂತಿ ಬಗ್ಗಿಸಿ, ಹಿಂಭಾಗ ಎತ್ತಿ ಮಾಡಿದ ಕಾರು. ನೋಡಿದವರು ಅದಕ್ಕೆ ‘ಹಳದಿ ಬಾಳೆಹಣ್ಣು’ ಅಂತ ಹೆಸರಿಟ್ಟರು. ಇಂಥ ಆಟಗಳು ಮಿತಿಮೀರಿದ ಮೇಲೆ ಅಂಗಡಿಯ ಕಾರಿನ ಆಕಾರಕ್ಕೆ ಕತ್ತರಿಸಿದ ಪಟ್ಟಿಗಳನ್ನು ರೇಸ್ ಕಾರಿನ ಮೇಲೆ ಇಟ್ಟು ನೋಡುವ ಪದ್ಧತಿ ಬಂತು. ಪಟ್ಟಿಗೂ ಮೈಗೂ ಸಂದು ಕಂಡರೆ ಕಾರು ವಾಪಸ್. ಆದರೂ ಜನ ಬುದ್ಧಿವಂತರು. ಪಟ್ಟಿ ತಗುಲದ ಜಾಗದಲ್ಲಿ ಸೊಟ್ಟ ಮಾಡುತ್ತಾ ಬಂದರು. 2000ದ ಆಸುಪಾಸಿನಲ್ಲಿ ಮೈ ಇಡೀ ಒಂದು ಕಡೆಗೆ ತಿರುಚಿಕೊಂಡಂಥ ಕಾರುಗಳೇ ಓಡುತ್ತಿದ್ದವು. ಎಡಕ್ಕೇ ತಿರುಗುವ ಓಟ, ಗಾಳಿ ಪಕ್ಕದಿಂದ ಒತ್ತಿ ಹಿಡಿಯಲಿ ಅಂತ. ಅದಕ್ಕೆ 2007ರಲ್ಲಿ ಟೆನೆಸಿಯ ಬ್ರಿಸ್ಟಲ್‌ನಲ್ಲಿ ಹೊಸ ಕಾರು ಇಳಿಸಿದಾಗ ಪಟ್ಟಿಗಳನ್ನೆಲ್ಲ ಒಟ್ಟಿಗೆ ಬೆಸೆದ ಒಂದು ದೊಡ್ಡ ಪಂಜರವನ್ನೇ ಮೇಲಿನಿಂದ ಇಳಿಸಿ ಅಳೆಯತೊಡಗಿದರು. ಅದಕ್ಕೆ ಗ್ಯಾರೇಜಿನವರ ಹೆಸರು ‘ಕ್ಲಾ’, ಪಂಜ ಅಂತ. 2018ರಿಂದ ಕ್ಯಾಮೆರಾಗಳಿಂದಲೇ ಅಳತೆ.

ಈ ಪಟ್ಟಿಗೆ ‘ಮಾದರಿ’, ‘ಅಚ್ಚು’ ಎರಡೂ ಸರಿಹೋಗುವುದಿಲ್ಲ. ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಮೇಲಾಗಿ ಬಂಡಿಯ ಲೆಕ್ಕದಲ್ಲಿ ಅಚ್ಚು ಅಂದರೆ ಆಕ್ಸೆಲ್, ಕಾರಿನ ಮಾತಾಡುವಾಗ ಪೂರಾ ಗೊಂದಲ. ಟೈಲರಿಗೆ ಕೊಡುವ ‘ಅಳತೆ ಬ್ಲೌಸ್’ ಹತ್ತಿರ ಬರುತ್ತದೆ. ಆದರೆ ಅದು ಹೊಲಿಯುವ ಮುಂಚೆ, ಇದು ಆದ ಮೇಲೆ. ಆಗ ಹೊಳೆದದ್ದು ‘ಮಟ್ಟ’. ನೆಲ ಸರಿ ಇದೆಯಾ ನೋಡಲು ರಸಮಟ್ಟ, ಮೂಲೆ ನೋಡಲು ಮೂಲೆಮಟ್ಟ. ಮೈ ನೋಡಲು ‘ಮೈಮಟ್ಟ’ ಯಾಕಾಗಬಾರದು? "ಕಾರು ಮೈಮಟ್ಟಕ್ಕೆ ಕೂರಲಿಲ್ಲ, ವಾಪಸ್ ಕಳಿಸಿದರು." ನನ್ನ ಕಿವಿಗೆ ಸರಿಯಾಗಿ ಕೇಳುತ್ತಿದೆ. ನಿಮಗೆ?

ಇನ್ನೆರಡು ಸಣ್ಣವು. ‘ಕ್ಲೀಕೊ’ ಅಂತ ಒಂದಿದೆ. ರಿವೆಟ್ ಹೊಡೆಯುವ ಮುಂಚೆ ತಗಡುಗಳು ಜಾರದ ಹಾಗೆ ತೂತಿನಲ್ಲಿ ತಾತ್ಕಾಲಿಕವಾಗಿ ಸಿಗಿಸುವ ಸ್ಪ್ರಿಂಗಿನ ಪಿನ್ನು. ತೂತಿನ ಅಳತೆಗೆ ಒಂದೊಂದು ಬಣ್ಣ. ಎಂಟನೇ ಒಂದು ಇಂಚಿಗೆ ತಾಮ್ರದ ಬಣ್ಣ, ಹದಿನಾರನೇ ಮೂರು ಇಂಚಿಗೆ ಚಿನ್ನದ ಬಣ್ಣ. ಟೈಲರ್ ಹಾಕುವ ಕಚ್ಚಾ ಹೊಲಿಗೆಯ ಕೆಲಸವೇ ಇದು. ‘ಕಚ್ಚಾ ರಿವೆಟ್’ ಅನ್ನೋಣವೇ? ಇದು ವಿಮಾನದ ತಗಡು ಕೆಲಸದಲ್ಲಿ ದಿನನಿತ್ಯದ ಸಾಮಾನು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ದುಡಿದವರು ನಮ್ಮ ನಡುವೆ ಇರಬಹುದು. ಶಾಪ್‌ನಲ್ಲಿ ಇದನ್ನು ಏನಂತ ಕರೆಯುತ್ತಿದ್ದಿರಿ? ಅಲ್ಲಿ ಒಂದು ಹೆಸರು ಇದ್ದರೆ ನನ್ನದನ್ನು ಕೈಬಿಡುತ್ತೇನೆ.

ಇನ್ನೊಂದು ‘ಜೂಸ್’. ಕುಡಿಯುವ ಜ್ಯೂಸ್ ಅಲ್ಲ. ವಿಲಿಯಂ ಜೂಸ್ ಅನ್ನುವ, ಉಕ್ರೇನಿನಿಂದ ಅಮೆರಿಕಕ್ಕೆ ಹೋದವನ ಹೆಸರಿನ, ತುಂಡುಗಳನ್ನು ಬಿಗಿದು ಹಿಡಿಯುವ ಗುಂಡಿ. ಕಾಲು ಸುತ್ತು ತಿರುಗಿಸಿದರೆ ತಟಕ್ಕನೆ ಕಚ್ಚುತ್ತದೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರೆ ಬಿಡುತ್ತದೆ. ಓಟದ ನಡುವೆ ಸ್ಪ್ಯಾನರ್ ಹುಡುಕುತ್ತಾ ಕೂರಲು ಆಗುವುದಿಲ್ಲವಲ್ಲ. ಓಲೆಗೆ ‘ತಿರುಪು’ ಇರುತ್ತದೆ. ಇದನ್ನು ‘ಕಾಲ್ತಿರುಪು’ ಅಂದರೆ ನಡೆಯಬಹುದಾ?

ಮೊನ್ನೆ ಭಾನುವಾರ ಹುಡುಗ ಮತ್ತೆ ಕರೆ ಮಾಡಿದ್ದ. ಅಷ್ಟು ಕಷ್ಟಪಟ್ಟು ಕೂರಿಸಿದ ಬಲಗಡೆಯ ಹಿಂಪಕ್ಕೆ ಮೊದಲ ಓಟದಲ್ಲೇ ಗೋಡೆಗೆ ಉಜ್ಜಿ ಹೋಯಿತಂತೆ. ರಿವೆಟ್‌ಗಳನ್ನು ಒಂದೊಂದಾಗಿ ಕೊರೆದು ತೆಗೆಯುತ್ತಾ ಕೂತಿದ್ದ. ಅಮ್ಮ ಫೋನಿನೊಳಗೆ ಇಣುಕಿ "ಹಳೇ ಸೋಗೆ ಇಳಿಸ್ತಿದ್ದಾನೆ" ಅಂದರು. ನಾನು ‘ಬಿಚ್ಚು’, ‘ಕಳಚು’ ಅಂತ ಬರೆದುಕೊಂಡಿದ್ದೆ. ಹೊದೆಸಿದ ಸೋಗೆ, ಹೆಂಚನ್ನು ತೆಗೆಯುವುದಕ್ಕೆ ನಿಮ್ಮ ಕಡೆಯೂ ‘ಇಳಿಸು’ ಅಂತಲೇ ಹೇಳುತ್ತಾರಾ, ಬೇರೆ ಮಾತಿದೆಯಾ?