ಸಹಾಯ ಬೇಕು: ಮಗು ಒಳಲೆಯಲ್ಲಿ (ಹಾಲು ಕುಡಿಸೋ ಮೂತಿ ಇರೋ ಪುಟ್ಟ ಬಟ್ಟಲು) ಹಾಲು ಕುಡೀತಿಲ್ಲ, ಮುಂದಿನ ತಿಂಗಳು ಕೆಲಸಕ್ಕೆ ಹೋಗ್ಬೇಕು

ಮಗಳಿಗೆ ಮೊನ್ನೆ ಮೂರು ತಿಂಗಳು ತುಂಬಿತು. ಇಲ್ಲಿವರೆಗೂ ಬರೀ ಎದೆಹಾಲು. ಹುಟ್ಟಿದಾಗ 2.8 ಕೆಜಿ, ಈಗ 5.3. ದಿನಕ್ಕೆ ಏಳೆಂಟು ಸಲ ಉಚ್ಚೆ ಮಾಡ್ತಾಳೆ, ಹಾಲು ಸಾಲ್ತಿದೆ ಅಂದ್ರು ಡಾಕ್ಟರ್. ಅತ್ತೆ ಮಾತ್ರ ಸಂಜೆ ಅತ್ತ ಕೂಡಲೇ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡು ಅಂತಾರೆ. ಅದನ್ನ ನಾನು ಹೇಗೋ ನಿಭಾಯಿಸ್ತೀನಿ ಬಿಡಿ.

ನಮ್ಮ ಅಂಗಡೀಲಿ ಇರೋದೇ ಆರು ಜನ. ಹತ್ತಕ್ಕಿಂತ ಕಡಿಮೆ ಇದ್ರೆ 26 ವಾರದ ರಜೆ ಕಾನೂನು ಬರಲ್ವಂತೆ. ಒಂಬತ್ತರಿಂದ ಐದರವರೆಗೆ ಹೋಗ್ಲೇಬೇಕು. ಕೈಯಲ್ಲೇ ಹಾಲು ಹಿಂಡಿ ಮುಚ್ಚಳದ ಸ್ಟೀಲ್ ಡಬ್ಬೀಲಿ ಫ್ರಿಜ್‌ನಲ್ಲಿಡೋದು ಕಲಿತೆ. ಬಿಸಿನೀರಲ್ಲಿ ಡಬ್ಬಿ ಇಟ್ಟು ಬೆಚ್ಚಗಾದ್ಮೇಲೆ ಒಳಲೇಲಿ ಕೊಟ್ರೆ ನಾಲಿಗೇಲಿ ತಳ್ತಾಳೆ, ಕತ್ತಿನ ಮಡಿಕೆಗೆಲ್ಲ ಸುರಿಸ್ಕೊಂಡು ನನ್ನ ಎದೆ ಕಡೆ ತಿರುಗ್ತಾಳೆ. ನಿನ್ನೆ ಅತ್ತೆ ಕೊಟ್ಟಾಗ ನಾಲ್ಕು ಗುಟುಕು ಕುಡಿದ್ಲು. ಪಕ್ಕದ ರೂಮಲ್ಲಿ ನಾನು ಕೆಮ್ಮಿದ್ದೇ ತಡ, ಬಾಯಿ ಮುಚ್ಚಿಬಿಟ್ಲು! ಬಾಟಲಿ ಬೇಡ ಅಂತ ನಮ್ಮ ಆಶಾ ಕಾರ್ಯಕರ್ತೆ ಅಕ್ಕ ಹೇಳಿದಾರೆ.

ಕೆಲಸಕ್ಕೆ ಹೋಗೋ ಅಮ್ಮಂದಿರೇ, ಒಳಲೆ ಅಭ್ಯಾಸ ಆಗೋಕೆ ನಿಮ್ಮ ಮಗುಗೆ ಎಷ್ಟು ದಿನ ಹಿಡೀತು? ಹಸಿವು ಜೋರಾಗೋ ಮುಂಚೆ ಕೊಡ್ತಿದ್ರಾ, ಆಮೇಲಾ? ಕೆಲಸದ ಜಾಗದಲ್ಲಿ ಎಷ್ಟು ಗಂಟೆಗೊಮ್ಮೆ ಹಿಂಡ್ತಿದ್ರಿ?