ಸೈಟೊಕೈನ್‌ಗಳು ಬಿಳಿ ರಕ್ತಕಣಗಳನ್ನು ‘ಪ್ರಚೋದಿಸು’ತ್ತವೆಯೆ?

ಮಾನ್ಯರೆ,

ಉಡುಪಿಯ ಕಡೆ ಮಳೆ ಹಿಡಿಯಿತೆಂದರೆ ಇಲಿ ಜ್ವರ, ಡೆಂಗಿ, ಮಲೇರಿಯಾಗಳ ಬಗ್ಗೆ ಕರಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಈ ಸಲ ಸೈಟೊಕೈನ್‌ಗಳ ಕುರಿತು, ಅಂದರೆ ಸೋಂಕು ತಗಲಿದಾಗ ಒಂದು ಜೀವಕೋಶ ಸ್ರವಿಸಿ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸಣ್ಣ ಪ್ರೋಟೀನ್‌ಗಳ ಕುರಿತು, ಒಂದು ಪುಟ ಸೇರಿಸಬೇಕಾಗಿದೆ. ಹೆಸರಿನ ವಿಷಯದಲ್ಲಿ ಗೊಂದಲವಿಲ್ಲ, ‘ಸೈಟೊಕೈನ್’ ಎಂದೇ ಇಟ್ಟುಕೊಂಡಿದ್ದೇನೆ. ತೊಡಕಿರುವುದು ಕ್ರಿಯಾಪದದಲ್ಲಿ.

ಆರೋಗ್ಯ ಲೇಖನಗಳಲ್ಲಿ ಇವು ಬಿಳಿ ರಕ್ತಕಣಗಳನ್ನು ‘ಪ್ರಚೋದಿಸುತ್ತವೆ’ ಎಂದು ಬರೆಯುವ ರೂಢಿಯಿದೆ. ಶಾಲೆಯ ವಿಜ್ಞಾನ ಪಾಠದ ‘ಪ್ರಚೋದನೆ’ಗೆ ನನ್ನ ತಕರಾರಿಲ್ಲ, ಕರಾವಳಿಯ ಓದುಗರಿಗೆ ಆ ಪದ ಪ್ರಚೋದನಕಾರಿ ಭಾಷಣದ ವರದಿಗಳಿಂದಲೇ ಹೆಚ್ಚು ಪರಿಚಿತ ಎಂಬುದನ್ನೂ ಬದಿಗಿಡೋಣ. ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳನ್ನು ಆ ಒಂದೇ ಪದ ಮುಚ್ಚಿಬಿಡುತ್ತದೆ ಎಂಬುದೇ ನನ್ನ ಆಕ್ಷೇಪ.

ಜಿ-ಸಿಎಸ್‌ಎಫ್ ಎಂಬ ಸೈಟೊಕೈನ್ ಅಸ್ಥಿಮಜ್ಜೆಯಲ್ಲಿ ನ್ಯೂಟ್ರೊಫಿಲ್ ಎಂಬ ಬಗೆಯ ಬಿಳಿ ರಕ್ತಕಣಗಳ ಉತ್ಪಾದನೆಯನ್ನು ಏರಿಸುತ್ತದೆ. ಕೀಮೋಥೆರಪಿಯಿಂದ ಬಿಳಿ ರಕ್ತಕಣ ಕುಸಿದವರಿಗೆ 1991ರಿಂದೀಚೆಗೆ ಅದನ್ನೇ ಚುಚ್ಚುಮದ್ದಾಗಿ ಕೊಡುತ್ತಾರೆ. ಇಲ್ಲಿ ‘ಹೆಚ್ಚಿಸು’ ಸಾಕು. ಇಂಟರ್‌ಲ್ಯೂಕಿನ್-8 ಮಾಡುವುದು ಬೇರೆಯೇ ಕೆಲಸ. ಅದು ಸೋಂಕಿನ ಜಾಗದಲ್ಲಿ ಹೊರಬಿದ್ದಾಗ, ರಕ್ತದೊಂದಿಗೆ ಹರಿದುಹೋಗುತ್ತಿದ್ದ ನ್ಯೂಟ್ರೊಫಿಲ್ ನಾಳದ ಒಳಗೋಡೆಗೆ ಅಂಟಿಕೊಂಡು, ಗೋಡೆಯ ಕೋಶಗಳ ಸಂದಿನಲ್ಲಿ ಮೈ ತೂರಿಸಿ ಹೊರಬಂದು, ಆ ಪ್ರೋಟೀನ್ ದಟ್ಟವಾಗಿರುವ ಕಡೆಗೆ ತೆವಳುತ್ತದೆ. ಇದಕ್ಕೆ ‘ಸೆಳೆ’ ಎಂಬ ಅಚ್ಚಗನ್ನಡದ ಪದಕ್ಕಿಂತ ಒಪ್ಪುವುದು ನನಗೆ ತೋಚಲಿಲ್ಲ.

ಕಷ್ಟವಾಗಿರುವುದು ಇಂಟರ್‌ಫೆರಾನ್-ಗಾಮಾದ ವಿಷಯದಲ್ಲಿ. ಮ್ಯಾಕ್ರೊಫೇಜ್ ಕೋಶವು ಕ್ಷಯದ ಬ್ಯಾಕ್ಟೀರಿಯಾವನ್ನು ನುಂಗುತ್ತದೆ, ಆದರೆ ಹಲವೊಮ್ಮೆ ಅರಗಿಸಿಕೊಳ್ಳಲಾಗದೆ ಒಳಗಿಟ್ಟುಕೊಂಡೇ ಕುಳಿತಿರುತ್ತದೆ. ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳು ಸ್ರವಿಸಿದ ಇಂಟರ್‌ಫೆರಾನ್-ಗಾಮಾ ಮುಟ್ಟಿದ ಮೇಲೆ ಅದರ ಕೊಲ್ಲುವ ಶಕ್ತಿ ಬೆಳೆಯುತ್ತದೆ. ಸಂಖ್ಯೆ ಹೆಚ್ಚಬೇಕಾಗಿಲ್ಲ, ಜಾಗ ಬದಲಾಗಬೇಕಾಗಿಲ್ಲ, ಇದ್ದ ಕೋಶದ ಕಸುವೇ ಬದಲಾಗುತ್ತದೆ. ‘ಅಣಿಗೊಳಿಸು’ ಎಂದರೆ ಬರಿಯ ಸಿದ್ಧತೆಯಾಯಿತು. ‘ಹುರಿದುಂಬಿಸು’ ಎಂದರೆ ಕಬಡ್ಡಿ ಆಟಗಾರರ ನೆನಪಾಗುತ್ತದೆ. ಸದ್ಯಕ್ಕೆ ‘ಹುರಿಗೊಳಿಸು’ ಎಂದು ಬರೆದಿದ್ದೇನೆ. ಹೆಸರಿನಿಂದಲೂ ಇಲ್ಲಿ ಸಹಾಯವಿಲ್ಲ: 1957ರಲ್ಲಿ ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ ‘ಇಂಟರ್‌ಫೆರಾನ್’ ಎಂದು ಕರೆದದ್ದು ವೈರಸ್ಸಿನ ವೃದ್ಧಿಗೆ ಅಡ್ಡಬರುವ ಗುಣವನ್ನು ಕಂಡು.

ಎಲ್ಲ ಕಡೆಯೂ ‘ಹೆಚ್ಚಿಸು’ ಎಂದೇ ಬರೆದರಾಗದೆ ಎಂದು ಕೇಳುವವರಿದ್ದಾರೆ. ಆಗದು. ಇಲಿ ಜ್ವರದಲ್ಲಿ ಟಿ.ಸಿ. (ಒಂದು ಮೈಕ್ರೋಲೀಟರ್ ರಕ್ತದಲ್ಲಿರುವ ಒಟ್ಟು ಬಿಳಿ ರಕ್ತಕಣಗಳ ಎಣಿಕೆ) ಹಲವರಿಗೆ 11,000 ದಾಟುವುದು ನಿಜ. ಆದರೆ ಡೆಂಗಿಯಲ್ಲಿ ಸೈಟೊಕೈನ್‌ಗಳು ಏರಿರುವಾಗಲೇ ಲ್ಯಾಬಿನ ಚೀಟಿಯಲ್ಲಿ ಅದು 4,000ಕ್ಕಿಂತ ಕೆಳಗಿರುವುದುಂಟು. ಕೈಯಲ್ಲಿ ಆ ಚೀಟಿ ಹಿಡಿದ ರೋಗಿ ಕರಪತ್ರವನ್ನು ನಂಬುವುದಾದರೂ ಹೇಗೆ?

ಕೋವಿಡ್ ಕಾಲದಲ್ಲಿ ಕೇಳಿಬಂದ ‘ಸೈಟೊಕೈನ್ ಬಿರುಗಾಳಿ’ಯಂಥ ಕಡೆ, ರಕ್ಷಣೆಗೆಂದು ಎದ್ದ ಕೋಶಗಳು ನಮ್ಮದೇ ಅಂಗಾಂಶಕ್ಕೆ ಹಾನಿ ಮಾಡುವಾಗ, ‘ಕೆರಳಿಸು’ ಎಂಬುದೇ ಸರಿಯೆಂದು ನನ್ನ ಎಣಿಕೆ. ಹಾಗಾಗಿ ಆ ಪದವನ್ನು ಸಾಮಾನ್ಯ ಸೋಂಕಿಗೆ ಬಳಸದೆ ಉಳಿಸಿಕೊಂಡಿದ್ದೇನೆ.

ಮ್ಯಾಕ್ರೊಫೇಜ್‌ನ ಸಂದರ್ಭಕ್ಕೆ ‘ಹುರಿಗೊಳಿಸು’ ಒಪ್ಪುತ್ತದೆಯೆ? ಕುಂದಾಪುರದಿಂದ ಮಂಗಳೂರಿನವರೆಗಿನ ಆಡುಮಾತಿನಲ್ಲಿ ಇದಕ್ಕಿಂತ ಹತ್ತಿರದ ಕ್ರಿಯಾಪದವಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ತಿಳಿಸಬೇಕೆಂದು ಬಲ್ಲವರಲ್ಲಿ ವಿನಂತಿ.